ನೇಮಿಸುವ ಮುನ್ನ ಕೇಳತಕ್ಕ ಮಾತು

ಹಂಪೆಯ ವಿರೂಪಾಕ್ಷನ ದರ್ಶನವನ್ನು ಮುಗಿಸಿಕೊಂಡು ಹೊಳೆಯ ಮೆಟ್ಟಿಲುಗಳಿಗೆ ಇಳಿದವರಿಗೆ, ಆಚೆಯ ದಡದಲ್ಲಿ ಭತ್ತದ ಗದ್ದೆಗಳೂ ಬಾಳೆಯ ತೋಟಗಳೂ ಹೆಬ್ಬಂಡೆಗಳೂ ಕೂಡಿದ ಹಸುರು ನೆಲವೊಂದು ಕಾಣುವುದು. ಅದೇ ವಿರೂಪಾಪುರಗಡ್ಡೆ. ತುಂಗಭದ್ರೆಯು ಬಳಸಿ ಹರಿಯುವುದರಿಂದ ಅದು ನಡುಗಡ್ಡೆಯಾಗಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿಗೆ ಸೇರಿದ್ದು. ಈ ತಿಂಗಳ ನಮ್ಮ ಮಾತು ಬೆಂಗಳೂರಿನ ಒಂದು ದೊಡ್ಡ ಪೀಠವನ್ನು ಕುರಿತದ್ದು. ಆದರೂ ಅಲ್ಲಿಗೆ ಹೋಗುವ ಮೊದಲು ಈ ಗಡ್ಡೆಯ ಮೇಲೆ ಕ್ಷಣಕಾಲ ನಿಲ್ಲುವುದು ಅವಶ್ಯವೆಂದು ನಮಗೆ ತೋರುತ್ತದೆ. ಅದರ ಕಾರಣವು ವಾಚಕರಿಗೆ ಮುಂದೆ ತಾನಾಗಿಯೇ ತಿಳಿಯುವುದು.

ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 1988ರಲ್ಲಿ ರಾಜ್ಯ ಸರಕಾರವು ಸುತ್ತಣ ಪ್ರದೇಶವನ್ನು ಸಂರಕ್ಷಿತವೆಂದು ಪ್ರಕಟಿಸಿತು. ಗಡ್ಡೆಯೂ ಅದರೊಳಗೆ ಬಂದಿತು. ಆದರೆ ಪರದೇಶದ ಪ್ರವಾಸಿಗಳು ಹರಿಗೋಲು ಹತ್ತಿ ಬರತೊಡಗಿದ ಮೇಲೆ, ಅಪ್ಪಣೆಯಿಲ್ಲದ ವಸತಿಗೃಹಗಳೂ ಉಪಾಹಾರಗೃಹಗಳೂ ಅಲ್ಲಿ ಒಂದರ ಹಿಂದೊಂದು ಎದ್ದವು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ರಾಜ್ಯದ ಹೈಕೋರ್ಟು ಈ ಕಟ್ಟಡಗಳು ಸಲ್ಲವೆಂದಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಯಂತ್ರಗಳು ಹೊಳೆ ದಾಟಿ ಬಂದು ಅವನ್ನು ನೆಲಸಮ ಮಾಡಿದವು.

ಆ ತೀರ್ಪನ್ನು ತೂಗುವುದು ನಮ್ಮ ಉದ್ದೇಶವಲ್ಲ. ಪುರಾತನ ಕ್ಷೇತ್ರವನ್ನು ಕಾಯಬೇಕೆಂಬುದು ನ್ಯಾಯವೇ. ಆದರೆ ಅಲ್ಲಿ ಅನ್ನ ಕಂಡುಕೊಂಡಿದ್ದವರಲ್ಲಿ ಎಲ್ಲರೂ ಧನಿಕರಲ್ಲ. ಅಡಿಗೆಯವರು, ಹಾಸಿಗೆ ಒಗೆಯುವವರು, ಸಾಲಮಾಡಿ ನಾಲ್ಕು ಗುಡಿಸಲು ಹಾಕಿದವರು ಕೂಡ ಇದ್ದರು. ಗ್ರಂಥದಲ್ಲಿದ್ದ ಒಂದು ನಿಯಮವು ಎದ್ದು ಬಂದು ಮನೆಯ ಗೋಡೆಯನ್ನು ಕೆಡವುವುದನ್ನು ಅವರು ಕಣ್ಣಾರೆ ಕಂಡರು. ಅಂಥವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ನೆಲದ ಲೆಕ್ಕದಲ್ಲಿ ನಮ್ಮನ್ನು ಅಳೆದ ಈ ಹಗ್ಗವು ಮೇಲಿನವರನ್ನೂ ಅಳೆಯುವುದೋ? ಕಾಯಿದೆಯನ್ನು ಕಾಯಲು ಸರಕಾರವು ತಾನೇ ಆರಿಸಿ ಕೂರಿಸುವವರನ್ನೂ ಅಳೆಯುವುದೋ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೋದರೆ 2011ನೆಯ ಇಸವಿಯ ಬೆಂಗಳೂರಿಗೆ ಹೋಗಬೇಕಾಗುತ್ತದೆ.

ಅಧಿಕಾರಸ್ಥರ ಮೇಲಿನ ದೂರುಗಳನ್ನು ವಿಚಾರಿಸುವ ಲೋಕಾಯುಕ್ತವು ನಮ್ಮ ರಾಜ್ಯದಲ್ಲಿ 1984ರ ಅಧಿನಿಯಮದಿಂದ ಹುಟ್ಟಿತು. ಸಂಸ್ಕೃತದಲ್ಲಿ 'ಯುಕ್ತ'ವೆಂದರೆ ನಿಯಮಿಸಲ್ಪಟ್ಟದ್ದು ಎಂಬ ಅರ್ಥವೂ ಉಂಟು, ತಕ್ಕದ್ದು ಎಂಬ ಅರ್ಥವೂ ಉಂಟು. ಹೆಸರಿಟ್ಟವರು ಎರಡನ್ನೂ ನೆನೆದಿದ್ದರೆ ಅದಕ್ಕಿಂತ ಒಳ್ಳೆಯ ಹೆಸರು ಬೇರೆ ಇರಲಾರದು. ಮಂತ್ರಿಗಳೂ ಶಾಸಕರೂ ವರ್ಷಕ್ಕೊಮ್ಮೆ ತಮ್ಮ ಆಸ್ತಿ ಹಾಗೂ ಸಾಲಗಳ ವಿವರವನ್ನು ಒಪ್ಪಿಸತಕ್ಕದ್ದು ಈ ಲೋಕಾಯುಕ್ತರಿಗೇ. 2011ರ ಜುಲೈಯಲ್ಲಿ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು ಬಳ್ಳಾರಿಯ ಗಣಿಗಾರಿಕೆಯನ್ನು ಕುರಿತು ಒಪ್ಪಿಸಿದ ವರದಿಯಿಂದ ಮುಖ್ಯಮಂತ್ರಿಗಳೇ ಪದವಿಯನ್ನು ಬಿಡಬೇಕಾಯಿತು. ಆ ಹೊತ್ತಿಗೆ ಜನರು ಆ ಪೀಠದ ಮೇಲೆ ಇಟ್ಟಿದ್ದ ಭರವಸೆ ಅಷ್ಟಿಷ್ಟಲ್ಲ.

ಹೆಗ್ಡೆಯವರ ಅವಧಿ ಮುಗಿದ ಒಡನೆಯೇ, 2011ರ ಆಗಸ್ಟ್ ಆರಂಭದಲ್ಲಿ, ನ್ಯಾಯಮೂರ್ತಿ ಶಿವರಾಜ ಪಾಟೀಲರು ಲೋಕಾಯುಕ್ತರಾದರು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರು, ರಾಯಚೂರು ಜಿಲ್ಲೆಯವರು. ನಮ್ಮ ಕೊಪ್ಪಳವೂ 1997ರವರೆಗೆ ಅದೇ ಜಿಲ್ಲೆಯ ಭಾಗವಾಗಿದ್ದುದರಿಂದ ಅವರು ನಮ್ಮವರೇ ಎಂಬ ಅಭಿಮಾನವು ಈ ಸೀಮೆಗೆ ಇದ್ದಿತು. ಆದರೆ ಕೆಲವೇ ವಾರಗಳಲ್ಲಿ, ಅವರ ಹೆಸರಿನಲ್ಲಿಯೂ ಪತ್ನಿಯವರ ಹೆಸರಿನಲ್ಲಿಯೂ ಗೃಹನಿರ್ಮಾಣ ಸಹಕಾರಿ ಸಂಘಗಳಿಂದ ಬಂದ ನಿವೇಶನಗಳ ವಿಷಯವಾಗಿ ಆಕ್ಷೇಪವೆದ್ದಿತು. ಇಂಥ ಸಂಘಗಳ ನಿವೇಶನವು ಬೇರೆ ಮನೆಯಾಗಲಿ ನಿವೇಶನವಾಗಲಿ ಇಲ್ಲದವರಿಗೆ ಸಲ್ಲತಕ್ಕದ್ದೆಂಬುದು ಸಾಮಾನ್ಯ ನಿಯಮ. ತಾವು ತಪ್ಪು ಮಾಡಿಲ್ಲವೆಂದೇ ಪಾಟೀಲರು ಹೇಳಿದರು. ಆದರೂ ಸೆಪ್ಟೆಂಬರ್ 19ರಂದು ರಾಜೀನಾಮೆ ಕೊಟ್ಟು ಹೊರಬಂದರು. ಇದು ನ್ಯಾಯಾಲಯವು ಸ್ಥಾಪಿಸಿದ ಅಪರಾಧವಲ್ಲ, ಆಕ್ಷೇಪದ ಮಾತು ಮಾತ್ರ ಎಂಬುದನ್ನು ವಾಚಕರು ಮರೆಯಬಾರದು. ಪೀಠಕ್ಕಿಂತ ತಾನು ದೊಡ್ಡವನಲ್ಲವೆಂದು ಎದ್ದು ಹೋದದ್ದು ಅವರಿಗೆ ಗೌರವವನ್ನೇ ತರತಕ್ಕದ್ದೆಂದು ನಾವು ಬಗೆಯುತ್ತೇವೆ.

ಮುಂದೆ ಸರಕಾರವು ನ್ಯಾಯಮೂರ್ತಿ ಎಸ್. ಆರ್. ಬನ್ನೂರಮಠರ ಹೆಸರನ್ನು ಸೂಚಿಸಿತು. ಅವರ ವಿಷಯದಲ್ಲಿಯೂ ನಿವೇಶನದ ಆಕ್ಷೇಪವೇ ಎದ್ದಿತು, ರಾಜ್ಯಪಾಲರು ಒಪ್ಪಲಿಲ್ಲ. ಇನ್ನೊಂದು ಕಡೆ, ಉಪಲೋಕಾಯುಕ್ತರಾಗಿ ನ್ಯಾಯಮೂರ್ತಿ ಚಂದ್ರಶೇಖರಯ್ಯನವರ ನೇಮಕವಾಯಿತು. ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೊಡನೆ ಸಮಾಲೋಚಿಸದೆ ಮಾಡಿದ್ದರಿಂದ ಆ ನೇಮಕವು 2012ರಲ್ಲಿ ರದ್ದಾಯಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಸಮಾಲೋಚನೆಯು ಕಡ್ಡಾಯವೆಂದೇ ಹೇಳಿತು. ಇಲ್ಲಿ ನೇಮಿತರ ದೋಷವೇನೂ ಇಲ್ಲ. ಕೇಳಬೇಕಾದವರನ್ನು ಕೇಳದೆ ನೇಮಿಸಿದವರದೇ ದೋಷ.

ಹೀಗಾಗಿ ಲೋಕಾಯುಕ್ತರ ಪೀಠವು 2013ರ ಫೆಬ್ರುವರಿಯವರೆಗೆ, ಅಂದರೆ ಸುಮಾರು ಹದಿನೇಳು ತಿಂಗಳು, ಬರಿದಾಗಿ ಉಳಿಯಿತು. ಆ ಬಳಿಕ ಬಂದ ನ್ಯಾಯಮೂರ್ತಿ ವೈ. ಭಾಸ್ಕರರಾಯರ ಕಾಲದಲ್ಲಿ, ಲೋಕಾಯುಕ್ತದ ಹೆಸರಿನಲ್ಲಿಯೇ ಅಧಿಕಾರಿಗಳಿಂದ ಹಣ ಕೇಳಿದರೆಂಬ ಆಪಾದನೆಯ ಮೇಲೆ 2015ರಲ್ಲಿ ಅವರ ಮಗನ ಬಂಧನವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರೂ ಪದವಿಯನ್ನು ಬಿಟ್ಟರು. ಮತ್ತೆ 2017ರ ಜನವರಿಯವರೆಗೆ ಪೀಠವು ಬರಿದು. ಎರಡನ್ನೂ ಕೂಡಿದರೆ ಸುಮಾರು ಎರಡೂವರೆ ವರ್ಷ. ಮಂತ್ರಿಗಳ ಮೇಲಿನ, ಶಾಸಕರ ಮೇಲಿನ, ದೊಡ್ಡ ಅಧಿಕಾರಿಗಳ ಮೇಲಿನ ದೂರುಗಳನ್ನು ನೋಡತಕ್ಕ ಪೀಠವದು. ದೂರದ ಹಳ್ಳಿಯಲ್ಲಿ ಕುಳಿತು, ಇನ್ನೊಬ್ಬರ ಕೈಯಿಂದ ಅರ್ಜಿ ಬರೆಯಿಸಿ, ಅಂಚೆಯ ಚೀಟಿ ಹಚ್ಚಿ ಕಳುಹಿಸಿದ ಬಡವನಿಗೆ ಎರಡೂವರೆ ವರ್ಷವೆಂದರೆ ಎಷ್ಟೆಂಬುದನ್ನು ವಾಚಕರೇ ಊಹಿಸಲಿ. ನೇಮಕದ ತಪ್ಪಿಗೆ ದಂಡ ತೆತ್ತವನು ನೇಮಿಸಿದವನೂ ಅಲ್ಲ, ನೇಮಿತನೂ ಅಲ್ಲ; ಆ ಅರ್ಜಿದಾರನೇ.

ಒಂದು ನಿವೇಶನದ ಮಾತನ್ನು ಇಷ್ಟು ದೊಡ್ಡದು ಮಾಡುವುದೇ ಎಂದು ಕೇಳುವವರುಂಟು. ಈ ಪ್ರಶ್ನೆಯು ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕೆಯಲ್ಲಿ 1993ರಲ್ಲಿ ಅಧ್ಯಕ್ಷ ಕ್ಲಿಂಟನ್ನರು ಜೋಯಿ ಬೇರ್ಡ್ ಎಂಬ ನ್ಯಾಯವಾದಿನಿಯನ್ನು ಆ ದೇಶದ ಅಟಾರ್ನಿ ಜನರಲ್ ಪದವಿಗೆ ಸೂಚಿಸಿದರು. ಆಕೆಯು ಮಗುವನ್ನು ನೋಡಿಕೊಳ್ಳುವುದಕ್ಕೂ ಕಾರು ನಡೆಸುವುದಕ್ಕೂ ರಹದಾರಿಯಿಲ್ಲದ ಪರದೇಶದ ದಂಪತಿಗಳನ್ನು ಇರಿಸಿಕೊಂಡಿದ್ದರು. ಅವರ ಸಂಬಳದ ಮೇಲೆ ಸಲ್ಲಬೇಕಾದ ತೆರಿಗೆಯನ್ನೂ ಕಟ್ಟಿರಲಿಲ್ಲ. ವಿಶೇಷವೇನೆಂದರೆ, ಆಕೆ ಇದನ್ನು ತನ್ನನ್ನು ಸೂಚಿಸುವವರಿಗೆ ಮೊದಲೇ ಹೇಳಿದ್ದರು. ಜನರಿಗೆ ಅದು ತಿಳಿದದ್ದು ವೃತ್ತಪತ್ರಿಕೆಗಳಿಂದ. ಆಕೆ ಹಿಂದೆ ಸರಿಯಬೇಕಾಯಿತು. ಮನೆಗೆಲಸದವರನ್ನು ಇಟ್ಟುಕೊಳ್ಳುವ ವಿಷಯವು ನಮ್ಮ ವಾಚಕಿಯರಿಗೆ ಅಲ್ಪವಾಗಿ ತೋರಬಹುದು. ಆದರೆ ಆಕೆ ಹೋಗಬೇಕಾಗಿದ್ದದ್ದು ದೇಶದ ಕಾಯಿದೆಗಳನ್ನೆಲ್ಲ ನಡೆಸುವ ಪದವಿಗೆ.

2009ರಲ್ಲಿ ಇಂಥ ಪ್ರಸಂಗಗಳು ಎರಡು ಒದಗಿದವು. ಅಧ್ಯಕ್ಷ ಒಬಾಮರು ಆರೋಗ್ಯ ಖಾತೆಗೆ ಸೂಚಿಸಿದ ಟಾಮ್ ಡ್ಯಾಶಲ್ ಎಂಬುವರು ಬಡ್ಡಿಯೂ ಸೇರಿ ಸುಮಾರು 1,40,000 ಡಾಲರುಗಳ ಹಳೆಯ ತೆರಿಗೆಯನ್ನು ಕಟ್ಟಬೇಕಾಗಿ ಬಂದು, ಕೊನೆಗೆ ಹಿಂದೆಗೆದರು. ಹಣಕಾಸಿನ ಖಾತೆಗೆ ಸೂಚಿತರಾದ ಟಿಮೊಥಿ ಗೈಟ್ನರ್ ಎಂಬುವರೂ ಸುಮಾರು 34,000 ಡಾಲರುಗಳ ತೆರಿಗೆಯನ್ನು ಹಿಂದೆ ಕಟ್ಟದೆ ಉಳಿಸಿಕೊಂಡಿದ್ದರು. ಅವರು ಮಾತ್ರ ಸೆನೆಟ್ ಸಭೆಯ ಒಪ್ಪಿಗೆ ಪಡೆದು ಪದವಿಗೇರಿದರು. ತೆರಿಗೆ ವಸೂಲಿಯ ಇಲಾಖೆಯು ಅವರ ಕೈಕೆಳಗಿನದೇ ಆಗಿದ್ದಿತು! ಎರಡೂ ಸಲ ಜನರ ಮನಸ್ಸನ್ನು ಕೆಣಕಿದ್ದು ಡಾಲರುಗಳ ಮೊತ್ತವಲ್ಲ. ತಾನು ಕಟ್ಟದ ತೆರಿಗೆಯನ್ನು ಪರರಿಂದ ಕಟ್ಟಿಸಿಕೊಳ್ಳುವುದೆಂತು ಎಂಬುದೇ ಅಲ್ಲಿಯ ಪ್ರಶ್ನೆ.

ನಮ್ಮ ಸುಪ್ರೀಂ ಕೋರ್ಟು ಈ ತತ್ತ್ವವನ್ನು 2011ರ ಮಾರ್ಚ್ 3ರಂದು ಸ್ಪಷ್ಟವಾಗಿ ಹೇಳಿದೆ. ಕೇಂದ್ರ ಜಾಗೃತ ಆಯುಕ್ತರನ್ನಾಗಿ ಪಿ. ಜೆ. ಥಾಮಸ್ ಎಂಬುವರನ್ನು 2010ರಲ್ಲಿ ನೇಮಿಸಲಾಗಿದ್ದಿತು. ಕೇರಳದ ತಾಳೆಎಣ್ಣೆಯ ಆಮದಿನ ಮೊಕದ್ದಮೆಯೊಂದರಲ್ಲಿ ಅವರ ಹೆಸರು ಆರೋಪಿಗಳಲ್ಲಿ ಇದ್ದಿತು. ಆರಿಸುವ ಮೂವರಲ್ಲಿ ಒಬ್ಬರಾದ ವಿರೋಧಪಕ್ಷದ ನಾಯಕಿ ಸುಷ್ಮಾ ಸ್ವರಾಜರು ಅಂದೇ ಭಿನ್ನಮತವನ್ನು ಬರೆದಿದ್ದರು. ನ್ಯಾಯಾಲಯವು ನೇಮಕವನ್ನು ರದ್ದುಪಡಿಸಿತು. ವ್ಯಕ್ತಿಯು ಶುದ್ಧನೋ ಅಲ್ಲವೋ ಎಂಬುದಷ್ಟನ್ನೇ ನೋಡಿದರೆ ಸಾಲದು, ಅವನು ಕೂರುವುದರಿಂದ ಸಂಸ್ಥೆಯ ಶುದ್ಧಿಗೆ ಏನಾಗುವುದೆಂಬುದನ್ನೂ ಆರಿಸುವವರು ನೋಡತಕ್ಕದ್ದೆಂಬುದು ಆ ತೀರ್ಪಿನ ಸಾರ. ಥಾಮಸರು ಅಪರಾಧಿಗಳೆಂದು ನ್ಯಾಯಾಲಯವು ಹೇಳಲಿಲ್ಲ. ನೋಡಬೇಕಾದ ಕಾಗದಗಳನ್ನು ಆರಿಸಿದವರು ಲೆಕ್ಕಕ್ಕೆ ತಂದುಕೊಳ್ಳಲಿಲ್ಲವೆಂದು ಹೇಳಿತು.

ಈ ಮಾತಿನ ನಿಜವು ನಮಗೆ ತಿಳಿದದ್ದು ತೀರ್ಪುಗಳನ್ನು ಓದಿ ಅಲ್ಲ. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಒಂದು ಶಾಲೆಯಲ್ಲಿ ಪುಸ್ತಕಗಳ ಒಂದು ಸಣ್ಣ ಭಂಡಾರವಿದ್ದಿತು. ಒಯ್ದ ಪುಸ್ತಕಗಳನ್ನು ಮಕ್ಕಳು ಹಿಂದಕ್ಕೆ ತಾರದೆ ಇದ್ದುದರಿಂದ, ವಸೂಲಿಯ ಕೆಲಸಕ್ಕೆ ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ನೇಮಿಸಿದೆವು. ಮುತ್ತಿನಂಥ ಅಕ್ಷರ, ಸುಳ್ಳಾಡದ ಬಾಯಿ. ಅವನಿಗಿಂತ ತಕ್ಕವನಿಲ್ಲವೆಂದು ನಮ್ಮ ಎಣಿಕೆ. ಮೂರನೆಯ ದಿನ ಹಿಂದಿನ ಸಾಲಿನಿಂದ ಒಬ್ಬನು ಎದ್ದು, ಇವನೇ ಹೋದ ವರ್ಷ ಒಯ್ದ ಪುಸ್ತಕವನ್ನು ಇನ್ನೂ ಕೊಟ್ಟಿಲ್ಲವೆಂದನು. ತರಗತಿಯೆಲ್ಲ ನಕ್ಕಿತು. ಹುಡುಗನು ತಲೆ ತಗ್ಗಿಸಿದನು. ಮರುದಿನದಿಂದ ಶಾಲೆಗೆ ಬರಲಿಲ್ಲ. ಅತ್ತ, ಆಮೇಲೆ ಎರಡು ತಿಂಗಳವರೆಗೆ ಒಂದು ಪುಸ್ತಕವೂ ಭಂಡಾರಕ್ಕೆ ಮರಳಲಿಲ್ಲ.

ನಾಲ್ಕನೆಯ ದಿನ ನಾವು ಅವನ ಮನೆಗೆ ಹೋದೆವು. ಪುಸ್ತಕವನ್ನು ಅಕ್ಕನು ಓದಲು ಇಸಿದುಕೊಂಡು, ಮದುವೆಯಾಗಿ ಹೋಗುವಾಗ ಬಟ್ಟೆಗಳ ನಡುವೆ ಗಂಡನ ಊರಿಗೆ ಒಯ್ದಿದ್ದಳು. ಅವನ ತಾಯಿಯು ಸೆರಗಿನ ಗಂಟನ್ನು ಬಿಚ್ಚಿ ಪುಸ್ತಕದ ಬೆಲೆಯನ್ನು ಮುಂದಿಟ್ಟು, “ಮೊದಲ ಕೇಳಿದ್ರ ಅವ ಹೇಳ್ತಿದ್ನಲ್ರೀ, ಮಾಸ್ತರ್ರ” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಪುಸ್ತಕಗಳ ದಫ್ತರವು ನಮ್ಮದೇ ಕಪಾಟಿನಲ್ಲಿದ್ದಿತು. ನೇಮಿಸುವ ಮುನ್ನ ಅದನ್ನು ತೆರೆದು ಒಂದು ಸಾಲು ನೋಡಿದ್ದರೆ, ಅವನನ್ನು ಬದಿಗೆ ಕರೆದು ಒಂದು ಮಾತು ಕೇಳಿದ್ದರೆ, ಆ ಮಗುವಿಗೆ ನಲವತ್ತು ಜನರೆದುರಿನ ಆ ನಗೆಯು ತಪ್ಪುತ್ತಿದ್ದಿತು. ತಪ್ಪು ಅವನದು ಒಂದು ಪಾಲಾದರೆ ನಮ್ಮದು ಮೂರು ಪಾಲು.

ಹಿರಿಯರ ವಿಷಯದಲ್ಲಿಯೂ ನಡೆಯುವುದು ಇದೇ. ಮೊದಲು ಕೇಳುವುದು ಅಪಮಾನವೆಂದು ಭಾವಿಸಿ, ಮರ್ಯಾದೆಗಾಗಿ ಕೇಳದೆ ಬಿಡುತ್ತೇವೆ. ಆಮೇಲೆ ಊರೆಲ್ಲ ಕೇಳುತ್ತದೆ. ಜೀವಮಾನವೆಲ್ಲ ಗಳಿಸಿದ ಹೆಸರು ಆರು ವಾರಗಳಲ್ಲಿ ಪತ್ರಿಕೆಗಳ ಪಾಲಾಗುತ್ತದೆ.

ನಮ್ಮ ಪೂರ್ವಿಕರಿಗೆ ಈ ಸಂಕೋಚವಿರಲಿಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು 'ಉಪಧೆ'ಗಳಿಂದ, ಅಂದರೆ ಗುಟ್ಟಾದ ಪರೀಕ್ಷೆಗಳಿಂದ, ಶೋಧಿಸುವ ಒಂದು ಅಧ್ಯಾಯವೇ ಇದೆ. ಧರ್ಮ, ಅರ್ಥ, ಕಾಮ, ಭಯ ಎಂದು ಪರೀಕ್ಷೆಗಳು ನಾಲ್ಕು. ಧರ್ಮದಲ್ಲಿ ಶುದ್ಧನಾದವನು ನ್ಯಾಯವಿಚಾರಣೆಗೆ, ಅರ್ಥದಲ್ಲಿ ಶುದ್ಧನಾದವನು ಬೊಕ್ಕಸಕ್ಕೆ, ಹೀಗೆ ಯಾವುದರಲ್ಲಿ ಗೆದ್ದನೋ ಆ ಕೆಲಸಕ್ಕೇ ನಿಯೋಗ. ಎಲ್ಲದರಲ್ಲಿಯೂ ಸೋತವರನ್ನು ಗಣಿಗಳಿಗೂ ಕಾಡುಗಳಿಗೂ ಕಳುಹಿಸಬೇಕೆಂದು ಆಚಾರ್ಯನ ಮತ. ಗಣಿಯ ಧೂಳನ್ನು ಕಂಡಿರುವ ನಮ್ಮ ಸೀಮೆಯವರು ಈ ಭಾಗವನ್ನು ಓದಿ ಮುಗುಳುನಗೆ ನಗದಿರಲಾರರು. ಅದಿರಲಿ. ಶುದ್ಧನಾದವನನ್ನು ಪರೀಕ್ಷೆಯ ನೆಪದಿಂದಲೇ ಕೆಡಿಸಬಾರದೆಂದು ಅವನು ಎಚ್ಚರವನ್ನೂ ಹೇಳಿದ್ದಾನೆ. ಗೂಢಚಾರರ ಆ ಉಪಾಯಗಳು ನಮಗೆ ಬೇಡ. ಮೊದಲು ಶೋಧನೆ, ಆಮೇಲೆ ನಿಯೋಗ ಎಂಬ ಕ್ರಮವು ಮಾತ್ರ ಇಂದಿಗೂ ಬೇಕು.

ಚುನಾವಣೆಗೆ ನಿಲ್ಲುವವರಿಗೆ ಈ ಕ್ರಮವು ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಸುಪ್ರೀಂ ಕೋರ್ಟಿನ 2002 ಹಾಗೂ 2003ರ ತೀರ್ಪುಗಳ ಪ್ರಕಾರ ಅಭ್ಯರ್ಥಿಯು ತನ್ನ ಮೇಲಿನ ಮೊಕದ್ದಮೆಗಳನ್ನೂ, ತನ್ನ ಹಾಗೂ ಕುಟುಂಬದವರ ಆಸ್ತಿ ಸಾಲಗಳನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಮತದಾರನು ಅದನ್ನು ಓದಿ ನೋಡಬಹುದು. ಎರಡು ವರ್ಷವಾಗಲಿ ಅದಕ್ಕೆ ಮೇಲಾಗಲಿ ಶಿಕ್ಷೆಯಾದರೆ ಸ್ಥಾನವು ಹೋಗುವುದು. ವಿರೂಪಾಪುರಗಡ್ಡೆಯು ಸೇರಿರುವ ಗಂಗಾವತಿ ಕ್ಷೇತ್ರದಲ್ಲಿಯೇ ಇದು ನಡೆಯಿತು: ಓಬಳಾಪುರದ ಗಣಿ ಮೊಕದ್ದಮೆಯಲ್ಲಿ 2025ರ ಮೇ 6ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯವು ಶಾಸಕ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಲು, ಅವರ ಶಾಸಕಸ್ಥಾನವು ಹೋಯಿತು, ಜೂನಿನಲ್ಲಿ ತೆಲಂಗಾಣದ ಹೈಕೋರ್ಟು ತಡೆ ಕೊಡಲು, ಸ್ಥಾನವು ಮರಳಿ ದೊರೆಯಿತು. ಇದರ ಒಳಿತು ಕೆಡುಕುಗಳನ್ನು ಯಾರು ಹೇಗಾದರೂ ಎಣಿಸಲಿ. ಹೋಗುವುದಕ್ಕೂ ಬರುವುದಕ್ಕೂ ಬರೆದಿಟ್ಟ ದಾರಿಯಿದೆ. ಎಲ್ಲವೂ ಜನರ ಕಣ್ಣೆದುರಿಗೆ ನಡೆಯಿತು.

ಸರಕಾರವು ತಾನೇ ಹೆಸರಿಸಿ ಕೂರಿಸುವವರಿಗೆ, ನೇಮಕಕ್ಕೆ ಮೊದಲೇ ಜನರೆದುರಿಗೆ ಹೀಗೆ ಹೇಳಿಕೊಳ್ಳಬೇಕೆಂಬ ಕಟ್ಟಳೆಯು ಸಾಮಾನ್ಯವಾಗಿ ಇಲ್ಲ. ಮತ ಹಾಕಿ ಇಳಿಸಲು ಬಾರದವರ ವಿಷಯದಲ್ಲಿ ಈ ಕಟ್ಟಳೆಯು ಹೆಚ್ಚಾಗಿ ಇರತಕ್ಕದ್ದಲ್ಲವೆ? ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಆಯೋಗವಾಗಲಿ, ಮಂಡಳಿಯಾಗಲಿ, ಲೋಕಾಯುಕ್ತದಂಥ ಪೀಠವಾಗಲಿ, ಒಂದು ಹೆಸರನ್ನು ಸೂಚಿಸುವ ಮುನ್ನ ಅವರಿಂದ ಒಂದು ಪತ್ರವನ್ನು ಬರೆಯಿಸಿಕೊಳ್ಳಲಿ: ಮನೆ ನಿವೇಶನಗಳೆಷ್ಟು, ಅವು ಬಂದ ಬಗೆ ಯಾವುದು, ಕಟ್ಟದೆ ಉಳಿದ ಕಂದಾಯ ತೆರಿಗೆಗಳುಂಟೆ, ಮೊಕದ್ದಮೆಗಳುಂಟೆ. ಆರಿಸುವವರು ಅದನ್ನು ಓದಲಿ. ಹದಿನೈದು ದಿನ ಜನರೂ ಓದಲಿ. ಆಮೇಲೆ ಆಜ್ಞೆ ಹೊರಡಲಿ.

ಇದರಿಂದ ಸಣ್ಣ ತಪ್ಪುಳ್ಳವರೆಲ್ಲ ಹೊರಗಾಗಬೇಕೆಂದು ನಾವು ಹೇಳುವುದಿಲ್ಲ. ತಪ್ಪಿಲ್ಲದ ಮನೆ ಯಾವುದು? ಮರೆವಿನಿಂದ ಉಳಿದ ಕಂದಾಯವನ್ನು ಕಟ್ಟಿ, ಕಟ್ಟಿದ್ದೇನೆಂದು ತಾನೇ ಹೇಳಿಕೊಂಡವನನ್ನು ಜನರು ಕ್ಷಮಿಸುವರು. ನಮ್ಮ ಜನಕ್ಕೆ ಅಷ್ಟು ಔದಾರ್ಯವುಂಟು. ಪರರ ಬಾಯಿಂದ ಹೊರಬಿದ್ದ ಮೇಲೆ ಅದೇ ತಪ್ಪು ಹತ್ತು ಪಟ್ಟು ಬೆಳೆಯುವುದು. ಅವರೆಲ್ಲರೂ ಒಂದೇ, ಕಳ್ಳರೇ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ಆ ಮಾತು ಒಮ್ಮೆ ಬೇರೂರಿದರೆ ಸಜ್ಜನನಾದ ಅಧಿಕಾರಿಯ ಮಾತನ್ನೂ ಜನರು ನಂಬುವುದಿಲ್ಲ, ಸಜ್ಜನರು ಅಧಿಕಾರಕ್ಕೆ ಬರಲೂ ಒಪ್ಪುವುದಿಲ್ಲ.

ದೊಡ್ಡ ಪೀಠಗಳು ನಮ್ಮ ಕೈಯಲ್ಲಿ ಇಲ್ಲವೆಂದು ವಾಚಕರು ಹೇಳಬಹುದು. ಆದರೆ ಗುಡಿಯ ಧರ್ಮದರ್ಶಿಗಳನ್ನು, ಶಾಲೆಯ ಸುಧಾರಣಾ ಸಮಿತಿಯವರನ್ನು, ಸಹಕಾರಿ ಸಂಘದ ಕಾರ್ಯದರ್ಶಿಯನ್ನು, ಮನೆಯಲ್ಲಿಯೇ ಹಣದ ಲೆಕ್ಕವಿಡುವ ತಮ್ಮನನ್ನು ನಾವೂ ಹೆಸರಿಸುತ್ತೇವಷ್ಟೆ? ಅಲ್ಲಿಂದ ಈ ರೂಢಿಯನ್ನು ಹಾಕೋಣ. ಬದಿಗೆ ಕರೆದು, ಮೆಲ್ಲನೆ, ಮರ್ಯಾದೆಯಿಂದ, ಮೊದಲೇ ಕೇಳೋಣ. ನಮ್ಮನ್ನು ಯಾರಾದರೂ ಹಾಗೆ ಕೇಳಿದರೆ ಮುನಿಯದಿರೋಣ.

ವಿರೂಪಾಪುರಗಡ್ಡೆಯಲ್ಲಿ ಅಂದು ಗೋಡೆ ಬಿದ್ದವರನ್ನು, ಅಪ್ಪಣೆಯಿಲ್ಲದೆ ಏಕೆ ಕಟ್ಟಿದಿರೆಂದು ಕಾಯಿದೆಯು ಕೇಳಿತು. ಅವರು ಉತ್ತರ ಕೊಡಬೇಕಾಯಿತು. ಆ ಕಾಯಿದೆಯನ್ನು ಕಾಯಲು ಹೋಗುವವರನ್ನೂ ಹೊರಡುವ ಮುನ್ನವೇ ಕೇಳಿ ಉತ್ತರ ಪಡೆದಿದ್ದಾರೆಂದು ತಿಳಿದರೆ, ಕಳೆದುಕೊಂಡವನಿಗೂ ನ್ಯಾಯದ ಮೇಲೆ ಒಂದಿಷ್ಟು ನಂಬಿಕೆ ಉಳಿಯುವುದು. ಆ ಹುಡುಗನ ತಾಯಿ ನಮಗೆ ಕಲಿಸಿದ್ದು ಇದನ್ನೇ. ಅವಳು ಮುಂದಿಟ್ಟ ಹಣವನ್ನು ನಾವು ತೆಗೆದುಕೊಳ್ಳಲಿಲ್ಲ. ಆ ಪುಸ್ತಕದ ಬೆಲೆಯನ್ನು ದಫ್ತರದಲ್ಲಿ ನಮ್ಮ ಹೆಸರಿನ ಮುಂದೆಯೇ ಬರೆದು, ಕಟ್ಟಿ, ತರಗತಿಗೆ ಓದಿ ಹೇಳಿದೆವು. ಮರುವಾರ ಹುಡುಗನು ಶಾಲೆಗೆ ಬಂದನು.